ಬಿ ಸಾಲಿನ ನಾಯಿಗಳು ಮತ್ತು ರೀವಾಳ ಆಲೂಗಡ್ಡೆ

ಬಲಗೈ ಎತ್ತಿದ್ದಾಯಿತು, ಸಾರ್. ಹೇಳುವುದೆಲ್ಲ ನಿಜ, ಪೂರ್ತಿ ನಿಜ, ನಿಜ ಬಿಟ್ಟು ಬೇರೇನಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರಲ್ಲ, ಅದನ್ನು ಟೈಪು ಮಾಡಬೇಡಿ ಅಂತ ಆ ತಾಯಿಗೆ ಹೇಳಿ. ನಗುವುದಕ್ಕೆ ಅವರಿಗೂ ಕಾರಣ ಇದೆ. ಪ್ರತಿ ಜುಲೈ ಇಪ್ಪತ್ತನಾಲ್ಕಕ್ಕೆ ನಮ್ಮ ಲೀಹೈ ವೆಲ್ಸ್‌ನಲ್ಲಿ, ಹಿರಿಯರು ಎತ್ತಿನ ಗಾಡಿ ಕಟ್ಟಿಕೊಂಡು ಯೂಟಾಕ್ಕೆ ಬಂದ ದಿನವನ್ನು ಆಚರಿಸುತ್ತೇವೆ. ಮೆರವಣಿಗೆ ಮುಗಿದ ಮೇಲೆ ಸುಳ್ಳು ಹೇಳುವ ಪಂದ್ಯ. ಆರು ವರ್ಷದಿಂದ ನೀಲಿ ರಿಬ್ಬನ್ ನನ್ನ ಮನೆಗೇ ಬರುತ್ತಿದೆ. ಹೋದ ವರ್ಷ ನಮ್ಮ ಹೇಸರಗತ್ತೆ ಚುನಾವಣೆಗೆ ನಿಂತು, ಗೆದ್ದು, ಆಮೇಲೆ ನಮ್ಮ ಗುರುತೇ ಹಿಡಿಯದೆ ಹೋದ ಕಥೆ ಹೇಳಿದ್ದೆ. ಅದು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಒಬ್ಬ ತೀರ್ಪುಗಾರ ತಕರಾರು ತೆಗೆದ. ಆದರೂ ರಿಬ್ಬನ್ ಕೊಟ್ಟರು.

ಇವತ್ತು ಮಾತ್ರ ಪಂದ್ಯ ಇಲ್ಲ, ಊರಿನ ಕಾಯಿಲೆಗಳ ಬಗ್ಗೆ ನಮ್ಮ ಶಾಲೆಯಲ್ಲಿ ನೀವು ಅಧ್ಯಕ್ಷರಾಗಿ ನಡೆಸುತ್ತಿರುವ ಸರ್ಕಾರಿ ವಿಚಾರಣೆ. ಹೆಸರು ಆರ್ವಲ್ ಟೋಬ್ಲರ್, ವಯಸ್ಸು ಐವತ್ತೆರಡು. ಊರಂಚಿನ ಸರ್ಕಾರಿ ನಾಯಿಮನೆಯಲ್ಲಿ ಹದಿನೆಂಟು ವರ್ಷದಿಂದ ಆಳು. ಮೂರನೇ ಸಾಲಿನಲ್ಲಿ, ಕುತ್ತಿಗೆಗೆ ನೀಲಿ ಸ್ಕಾರ್ಫು ಸುತ್ತಿಕೊಂಡು ನನ್ನನ್ನೇ ಗುರಾಯಿಸುತ್ತಿರುವವಳು ನನ್ನ ಹೆಂಡತಿ ರೀವಾ. ನಿಜವಾಗಿ ಈ ಕುರ್ಚಿಯಲ್ಲಿ ಕೂರಬೇಕಾದವಳು ಅವಳು. ಏಪ್ರಿಲಿನಲ್ಲಿ ಅವಳ ಗಂಟಲಿನ ಗೆಡ್ಡೆ ತೆಗೆದರು, ಗೆಡ್ಡೆಯ ಜೊತೆ ದನಿಯೂ ಹೋಯಿತು. ಅದಕ್ಕೇ ನಾನು. ಊರಿನಲ್ಲಿ ನಂಬಿಕಸ್ಥೆಗೆ ಬಾಯಿಲ್ಲ, ಬಾಯಿ ಇರುವವನ ಮೇಲೆ ನಂಬಿಕೆ ಇಲ್ಲ. ಏನು ಮಾಡುವುದು?

ನನ್ನ ಕೈಯಲ್ಲಿರುವ ಈ ಕಂದು ನೋಟುಬುಕ್ಕು ಅವಳದು. ದಾಖಲೆಗೆ ಸೇರಿಸಿಕೊಳ್ಳಿ ಎಂದು ಬೆಳಿಗ್ಗೆ ನಿಮ್ಮ ಗುಮಾಸ್ತರ ಮುಂದೆ ಹಿಡಿದೆ. ಅವರು, "ಕೈಬರಹದ್ದು ತಗೊಳ್ಳಲ್ಲ ರೀ. ಟೈಪ್ ಮಾಡಿಸಿ ಮೂರು ಪ್ರತಿ ತನ್ನಿ. ಇಲ್ಲಾಂದ್ರೆ ಅಧ್ಯಕ್ಷರೇ ಕೈಯಾರೆ ಇಸ್ಕೋಬೇಕು" ಅಂದರು. ಹಾಗಾಗಿ ನನ್ನ ಕೆಲಸ ಇಷ್ಟೇ, ಸಾರ್. ನೀವು ಒಂದು ಕೈ ಚಾಚಿದರೆ ಈ ಕ್ಷಣವೇ ಎದ್ದು ಹೋಗುತ್ತೇನೆ.

ಮೊದಲು ವಿಷಯ ಹೇಳಬೇಕೇ? ಸರಿ.

ನಿನ್ನೆ ಇದೇ ಕುರ್ಚಿಯಲ್ಲಿ ನಮ್ಮ ನಾಯಿಮನೆಯ ಮುಖ್ಯಸ್ಥರು, ಡಾಕ್ಟರ್ ಕ್ವಿಸ್ಟ್ ಕೂತಿದ್ದರು. ಅಣುಬಾಂಬಿನ ಧೂಳು ಚಿಟಿಕೆಯಷ್ಟಾದರೆ ಕೆಡುಕಿಲ್ಲ, ಬದಲಿಗೆ ಆಯಸ್ಸು ಹೆಚ್ಚುತ್ತದೆ, ಹದಿನೆಂಟು ವರ್ಷದ ನಾಯಿಗಳ ಅಧ್ಯಯನದಿಂದ ಇದು ಸಾಬೀತಾಗಿದೆ, ಆದ್ದರಿಂದ ಈ ಊರಿನ ಕಾಯಿಲೆಗಳಿಗೂ ಧೂಳಿಗೂ ಸಂಬಂಧ ಇಲ್ಲ ಎಂದರು. ಡಾಕ್ಟರು ಸುಳ್ಳು ಹೇಳುವವರಲ್ಲ. ಆ ಪಂದ್ಯಕ್ಕೆ ಅವರು ಹೆಸರು ಕೊಟ್ಟರೆ ಮೊದಲ ಸುತ್ತಿನಲ್ಲೇ ಸೋಲುತ್ತಾರೆ. ಅವರು ಹೇಳಿದ್ದು ಅವರಿಗೆ ಗೊತ್ತಿರುವಷ್ಟು. ಆ ನಾಯಿಗಳಿಗೆ ಊಟ ಹಾಕಿದವನು ನಾನು.

ನಾಯಿಮನೆಗೆ ನಮ್ಮೂರನ್ನೇ ಯಾಕೆ ಆರಿಸಿದರು ಗೊತ್ತೇ? ಗಾಳಿ ಶುದ್ಧ ಅಂತ. ಐವತ್ತರ ದಶಕವಿಡೀ ಗಡಿಯಾಚೆಯ ಮರುಭೂಮಿಯಲ್ಲಿ ಬಾಂಬು ಹಾರಿಸಿದರು, ಗಾಳಿ ನಮ್ಮ ಕಡೆ ಬೀಸುವ ದಿನ ನೋಡಿಕೊಂಡೇ ಹಾರಿಸಿದರು, ಪಶ್ಚಿಮದ ದೊಡ್ಡ ಊರುಗಳಿಗೆ ತೊಂದರೆ ಆಗಬಾರದಲ್ಲ. ರೀವಾ ಒಗೆದು ಹರವಿದ ಬಿಳಿ ದುಪ್ಪಟಿಯನ್ನು ಬೂದು ಬಣ್ಣಕ್ಕೆ ತಿರುಗಿದ ಮೇಲೆ ಮತ್ತೆ ಒಗೆಯುತ್ತಿದ್ದಳು. ಅರವತ್ತೊಂದರಲ್ಲಿ ಅದೇ ಸರ್ಕಾರ ಬಂದು, ಇಲ್ಲಿ ಗಾಳಿ ಚೆನ್ನಾಗಿದೆ, ನಾಯಿ ಸಾಕೋಣ ಎಂದಿತು. ನಮಗೂ ಹೆಮ್ಮೆಯೇ ಆಯಿತು.

ಇನ್ನೂರ ನಲವತ್ತು ಬೀಗಲ್ ನಾಯಿಗಳು. ಎಲ್ಲವೂ ನಮ್ಮಲ್ಲೇ ಹುಟ್ಟಿದವು. ಯಾವ ಗಂಡಿಗೆ ಯಾವ ಹೆಣ್ಣು ಎಂದು ಡಾಕ್ಟರು ಏಳು ತಲೆಮಾರಿನ ಪಟ್ಟಿ ನೋಡಿ ಜೋಡಿ ಮಾಡುತ್ತಿದ್ದರು. ನಮ್ಮ ಜನಕ್ಕೆ ವಂಶಾವಳಿ ಬರೆಯುವ ಹುಚ್ಚು ಹೇಗೂ ಇದೆ. ಒಮ್ಮೆ ನಮ್ಮ ಚರ್ಚಿನ ಬಿಷಪ್ ಲಂಟ್, ನಮ್ಮಲ್ಲಿ ಬಿಷಪ್ಪರೂ ಸಂಸಾರಸ್ಥರೇ, ಆ ಪಟ್ಟಿ ನೋಡಿ ಕನ್ನಡಕ ಒರೆಸಿಕೊಂಡು, "ಬ್ರದರ್ ಆರ್ವಲ್, ನಮ್ಮ ಮನೆತನಕ್ಕಿಂತ ಇವರದೇ ಚೊಕ್ಕವಾಗಿದೆಯಲ್ಲಯ್ಯ" ಎಂದರು.

ಮರಿಗಳಿಗೆ ವರ್ಷ ತುಂಬಿದ ಮೇಲೆ ಚೀಟಿ ಎತ್ತಿ ನಾಲ್ಕು ಸಾಲಿಗೆ ಹಂಚುತ್ತಿದ್ದರು. ಎ ಸಾಲಿಗೆ ಏನೂ ಇಲ್ಲ. ಬಿ ಸಾಲಿಗೆ ಚಿಟಿಕೆ, ಸಿ ಸಾಲಿಗೆ ಚಮಚ, ಡಿ ಸಾಲಿಗೆ ಸೌಟು. ಇದು ನಮ್ಮ ಆಳುಗಳ ಅಳತೆ. ಡಾಕ್ಟರ ಅಳತೆಯಲ್ಲಿ ಸೊನ್ನೆಗಳು ಜಾಸ್ತಿ. ಬಾಂಬಿನ ಧೂಳಿನಲ್ಲಿರುವ ವಿಷಕ್ಕೆ ನಾವು ಮದ್ದು ಎನ್ನುತ್ತಿದ್ದೆವು, ಅದನ್ನು ಒಮ್ಮೆ ಕೊಟ್ಟು ಮುಗಿಸಿದರೆ ಆಯಿತು. ಆಮೇಲೆ ಅವು ಸಾಯುವ ತನಕ ಕಾಯುವುದೇ ಕೆಲಸ. ಎರಡೆರಡು ನಾಯಿಗೆ ಒಂದು ಬೇಲಿ, ನೆಲಕ್ಕೆ ಜಲ್ಲಿ, ಮಲಗಲು ಒಂದೊಂದಕ್ಕೂ ಅಡ್ಡ ಮಲಗಿಸಿದ ಮರದ ಪೀಪಾಯಿ. ಹೆಸರಿಲ್ಲ, ಕಿವಿಯೊಳಗೆ ಹಚ್ಚೆ ಹಾಕಿದ ನಂಬರು.

ಅಲ್ಲಿ ಒಂದೇ ಕಾನೂನು: ಒಬ್ಬನಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗಬೇಕು. ನಾಯಿಗಳ ನಡುವೆ ಮದ್ದೊಂದನ್ನು ಬಿಟ್ಟು ಬೇರೆ ಯಾವ ವ್ಯತ್ಯಾಸವೂ ಇರಬಾರದು. ಒಮ್ಮೆ ವಾಷಿಂಗ್ಟನ್ನಿನಿಂದ ಬಂದ ದೊಡ್ಡ ಮನುಷ್ಯರ ಹೆಂಡತಿ, ಬೇಡ ಬೇಡ ಎನ್ನುವಷ್ಟರಲ್ಲಿ, ಎ ಸಾಲಿನ ಹದಿನಾಲ್ಕನೇ ನಾಯಿಯ ಎಡಗಿವಿಯ ಹಿಂದೆ ಕೆರೆದುಬಿಟ್ಟರು. ಡಾಕ್ಟರು ಗಡಿಯಾರ ನೋಡಿದರು. ಒಂಬತ್ತು ಸೆಕೆಂಡು. ಆಕೆಯ ಕಾರು ಹೊರಟ ಮೇಲೆ ನಾವು ಉಳಿದ ಇನ್ನೂರ ಮೂವತ್ತೊಂಬತ್ತು ನಾಯಿಗಳ ಎಡಗಿವಿಯ ಹಿಂದೆ ಒಂಬತ್ತೊಂಬತ್ತು ಸೆಕೆಂಡು ಕೆರೆದೆವು. ಒಬ್ಬ ಕೆರೆಯುವುದು, ಒಬ್ಬ ಗಡಿಯಾರ ಹಿಡಿಯುವುದು, ಇಬ್ಬರು ಸಾಕ್ಷಿ ರುಜು. ಮೂರು ದಿನ ಹಿಡಿಯಿತು. ಕ್ರಿಸ್ಮಸ್ಸಿಗೆ ಭಾನುವಾರದ ಶಾಲೆಯ ಮಕ್ಕಳು ಬಂದು ಎ ಸಾಲಿನ ಮುಂದೆ ಹಾಡಿದರೆ, ಅದೇ ಹಾಡನ್ನು ಅದೇ ಮಕ್ಕಳು ಉಳಿದ ಮೂರು ಸಾಲಿನ ಮುಂದೆಯೂ ಹಾಡಬೇಕಾಯಿತು. ಡಿ ಸಾಲಿಗೆ ಬರುವಷ್ಟರಲ್ಲಿ ಒಬ್ಬ ಹುಡುಗ ಸೀನಿದ. ಡಾಕ್ಟರು ಅವನನ್ನು ವಾಪಸು ಕರೆದುಕೊಂಡು ಹೋಗಿ ಉಳಿದ ಸಾಲುಗಳ ಮುಂದೆಯೂ ಸೀನಿಸಿದರು. ಮೂಗಿಗೆ ಕೋಳಿಪುಕ್ಕ ಹಾಕಿ.

ನಗಬೇಡಿ, ಪ್ರಮಾಣ ಮಾಡಿದ್ದೇನೆ.

ಈ ಕಾನೂನು ಮುರಿದರೆ ಏನಾಗುತ್ತದೆ ಎಂಬುದನ್ನೂ ಕೇಳಿ. ಡಿ ಸಾಲಿನ ಎಂಟನೆಯದು ಒಂದು ದಿನ ನಮ್ಮ ಒಬ್ಬ ಆಳಿನ ಜೇಬಿನಿಂದ ಸಾಸೇಜು ಕದ್ದು ತಿಂದಿತು. ಬೆರಳುದ್ದದ್ದು. "ಈ ನಾಯಿ ಕೆಟ್ಟಿತು, ಲೆಕ್ಕದಿಂದ ತೆಗೆಯಿರಿ" ಎಂದರು ಡಾಕ್ಟರು. ಲೆಕ್ಕದಿಂದ ತೆಗೆಯುವುದು ಎಂದರೆ ಸೂಜಿ. ಸಂಜೆ ನಾಲ್ಕರೊಳಗೆ ಅದರ ಪೀಪಾಯಿ ತೊಳೆದು ಬಿಸಿಲಿಗೆ ಇಟ್ಟಾಗಿತ್ತು.

ಈಗ ಆಲೂಗಡ್ಡೆಗೆ ಬರುತ್ತೇನೆ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮುಗಿಸಿ ಬಂದವರಿಗೆಲ್ಲ ಚರ್ಚಿನ ಹೆಂಗಸರ ಸಂಘದಿಂದ ಊಟ. ಹಂದಿಮಾಂಸದ ತುಂಡು, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ, ಮತ್ತು ಸಾವಿನೂಟದ ಆಲೂಗಡ್ಡೆ. ತುರಿದ ಆಲೂಗಡ್ಡೆಗೆ ಚೀಸು, ಹುಳಿ ಕೆನೆ, ಡಬ್ಬಿ ಸೂಪು, ಬೆಣ್ಣೆ ಸುರಿದು, ಮೇಲೆ ಕಾರ್ನ್‌ಫ್ಲೇಕ್ಸು ಉದುರಿಸಿ ಒಲೆಯೊಳಗೆ ಬೇಯಿಸುವುದು. ನಮ್ಮ ಕಡೆ ಎಷ್ಟೋ ಜನ ಸತ್ತವರ ಹೆಸರು ಮರೆತರೂ ಆಲೂಗಡ್ಡೆ ಯಾರು ಮಾಡಿದ್ದು ಎಂದು ಮರೆಯುವುದಿಲ್ಲ. ರೀವಾ ಇಪ್ಪತ್ತು ವರ್ಷದಿಂದ ಆ ಊಟದ ಮುಖ್ಯಸ್ಥೆ. ಹೊತ್ತಿಗೆ ಹೊತ್ತು ಶಾಲೆಯ ಅಡುಗೆ, ನಡುವೆ ಸಾವಿನ ಅಡುಗೆ. ಅವಳದೊಂದು ಪಟ್ಟು: ಸಾವಿನೂಟದಲ್ಲಿ ಉಳಿದದ್ದನ್ನು ಆ ಮನೆಯಲ್ಲಿ ರಾತ್ರಿ ಇಡಬಾರದು, ಚೆಲ್ಲಲೂ ಬಾರದು. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಗಬೇಕು? ನನ್ನ ಮಧ್ಯಾಹ್ನದ ಡಬ್ಬಿಗೆ.

"ಒಂದು ಅಗುಳೂ ಬಿಡಬೇಡ ಆರ್ವಲ್. ಸತ್ತೋರಿಗೆ ಅವಮಾನ" ಎನ್ನುತ್ತಿದ್ದಳು. ಡಬ್ಬಿ ಎಂದರೆ ಡಬ್ಬಿಯಲ್ಲ ಸಾರ್, ಬಾಗಿಲಷ್ಟು ಅಗಲದ ತಟ್ಟೆ.

ನಾಯಿಮನೆಯಲ್ಲಿ ಒಂದೇ ಮರ. ಆ ಮರದ ಕೆಳಗೆ ನಮ್ಮ ಊಟದ ಮೇಜು. ಮೇಜು ಇದ್ದದ್ದು ಬಿ ಸಾಲಿನ ಬೇಲಿಗೆ ತಗುಲಿಕೊಂಡು. ಬೀಗಲ್ ನಾಯಿಯ ಮುಂದೆ ಕೂತು ಉಂಡಿದ್ದೀರಾ? ಅದು ಬೊಗಳುವುದಿಲ್ಲ, ಕಾಲು ಹಿಡಿಯುವುದಿಲ್ಲ. ಸುಮ್ಮನೆ ನೋಡುತ್ತದೆ. ನಿಮ್ಮ ತಾಯಿಯ ಕಾಗದಕ್ಕೆ ನೀವು ಉತ್ತರ ಬರೆದಿಲ್ಲ ಎಂಬುದು ಅದಕ್ಕೆ ಗೊತ್ತಿರುವ ಹಾಗೆ ನೋಡುತ್ತದೆ. ನೂರ ಇಪ್ಪತ್ತು ಕಣ್ಣು, ಸಾರ್. ಮೊದಲ ದಿನ ಒಂದು ಚಮಚ ಹಾಕಿದೆ. ಆಮೇಲೆ ಕಾನೂನು ನೆನಪಾಯಿತು: ಒಬ್ಬನಿಗೆ ಸಿಕ್ಕಿದ್ದು ಎಲ್ಲರಿಗೂ. ಪ್ರಾಮಾಣಿಕವಾಗಿ ಅರವತ್ತಕ್ಕೂ ಒಂದೊಂದು ಚಮಚ ಹಾಕಿದೆ. ಎ, ಸಿ, ಡಿ ಸಾಲುಗಳಿಗೂ ಹಾಕಬೇಕೆಂದೇ ಇದ್ದೆ. ತಟ್ಟೆ ಖಾಲಿಯಾಯಿತು.

ಮೊದಮೊದಲು ಎರಡು ತಿಂಗಳಿಗೊಂದು ಸಾವು. ಒಂಬೈನೂರು ಜನರ ಊರಿಗೆ ಅಷ್ಟು ವಾಜಮಿ. ಆಮೇಲೆ ತಿಂಗಳಿಗೊಂದು. ಆಮೇಲೆ ತಿಂಗಳಿಗೆ ಎರಡು, ಮೂರು. ಒಂದು ತಟ್ಟೆ ಹೋಗಿ ಮೂರು ತಟ್ಟೆ ಆಯಿತು. ಬಿ ಸಾಲಿನ ನಾಯಿಗಳ ಮೈ ಎಣ್ಣೆ ಹಚ್ಚಿದಂತೆ ಹೊಳೆಯತೊಡಗಿತು. ಹೆದ್ದಾರಿಯಲ್ಲಿ ಹೆಣದ ಗಾಡಿ ಹೋಗುವುದು ಕಂಡರೆ ಸಾಕು, ಅರವತ್ತು ನಾಯಿ ಒಟ್ಟಿಗೆ ಮೂತಿ ಮೇಲೆತ್ತಿ ಕೂಗುತ್ತಿದ್ದವು. ಗಾಡಿಯಲ್ಲಿ ಕೂತ ಸಂಬಂಧಿಕರು ಕರವಸ್ತ್ರ ಕಣ್ಣಿಗೊತ್ತಿಕೊಂಡು, "ನೋಡಿ, ಮೂಕ ಪ್ರಾಣಿಗಳಿಗೂ ಎಷ್ಟು ದುಃಖ" ಎನ್ನುತ್ತಿದ್ದರು. ನಾನು ಟೋಪಿ ತೆಗೆದು ನಿಲ್ಲುತ್ತಿದ್ದೆ. ಬಾಲಗಳು ಅವರಿಗೆ ಕಾಣದಿರಲಿ ಎಂದು ಅಡ್ಡ ನಿಲ್ಲುತ್ತಿದ್ದೆ.

ಒಂದು ದಿನ ಆಲೂಗಡ್ಡೆ ತುರಿಯುತ್ತಾ ರೀವಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಆರ್ವಲ್, ಮೊದಲು ನಾನು ಇದನ್ನ ಮೆತ್ತಗೆ ಬೇಯಿಸ್ತಿದ್ದೆ, ಅಲ್ವಾ?"

"ಹೂಂ. ಬಾಯಲ್ಲಿ ಕರಗ್ತಿತ್ತು."

"ಯಾಕೆ ಹೇಳು? ಸತ್ತೋರು ಮುದುಕರು. ಉಣ್ಣೋಕೆ ಬರೋ ಅವರ ಸ್ನೇಹಿತರೂ ಮುದುಕರು, ಹಲ್ಲಿರ್ತಿರ್ಲಿಲ್ಲ. ಈಗ ಗರಿಗರಿ ಮಾಡು ಅಂತಾರೆ. ಮೊನ್ನೆ ಉಣ್ಣೋಕೆ ಬಂದಿದ್ದು ಪೂರಾ ನಾಲ್ಕನೇ ಕ್ಲಾಸು ಕಣೋ."

ಆವತ್ತೇ ಈ ನೋಟುಬುಕ್ಕು ಶುರು ಮಾಡಿದಳು. ಹಳೆಯದನ್ನೆಲ್ಲ ನೆನಪಿನಿಂದ, ಚರ್ಚಿನ ಪುಸ್ತಕದಿಂದ ತೆಗೆದು ಬರೆದಳು. ತಾರೀಖು, ಸತ್ತವರ ಹೆಸರು, ವಯಸ್ಸು, ಕಾಯಿಲೆ, ಎಷ್ಟು ತಟ್ಟೆ ಆಲೂಗಡ್ಡೆ, ಉಂಡವರು ಯಾರು ಯಾರು. ಸರ್ಕಾರದ ಹತ್ತಿರ ಈ ಊರಿನ ನಾಯಿಗಳ ಪಟ್ಟಿ ಇದೆ ಸಾರ್. ಜನರ ಪಟ್ಟಿ ಇರುವುದು ಇದೊಂದೇ.

ತೆಗೆದುಕೊಳ್ಳುತ್ತೀರಾ? ಆಗಲಿ, ಮುಂದುವರಿಸುತ್ತೇನೆ.

ಎಪ್ಪತ್ತಮೂರರ ಹೊತ್ತಿಗೆ ಡಾಕ್ಟರ್ ಕ್ವಿಸ್ಟ್ ಗೋಡೆಗೆ ಒಂದು ನಕ್ಷೆ ಅಂಟಿಸಿದರು. ಡಿ ಸಾಲು ಬೇಗ ಬೇಗ ಸಾಯುತ್ತಿತ್ತು, ಅದು ಯಾರಿಗೂ ಆಶ್ಚರ್ಯವಲ್ಲ. ಸಿ ಸಾಲು ಸುಮಾರು. ಆದರೆ ಏನೂ ಮದ್ದು ಕಾಣದ ಎ ಸಾಲಿಗಿಂತ, ಚಿಟಿಕೆ ಮದ್ದಿನ ಬಿ ಸಾಲು ಗಟ್ಟಿಯಾಗಿತ್ತು. ಡಾಕ್ಟರು ಒಳ್ಳೆಯವರು ಸಾರ್, ಹುಡುಕದೆ ಬಿಡಲಿಲ್ಲ. ಬಿ ಸಾಲಿನ ನೀರು ಪರೀಕ್ಷಿಸಿದರು, ಜಲ್ಲಿ ಪರೀಕ್ಷಿಸಿದರು, ಮರದ ನೆರಳನ್ನು ಅಳೆದು ಉಳಿದ ಮೂರು ಸಾಲಿಗೂ ಅಷ್ಟೇ ನೆರಳಿನ ತಗಡು ಹಾಕಿಸಿದರು. ಆ ಮರದ ಕೆಳಗೆ ದಿನವೂ ಊಟಕ್ಕೆ ಕೂರುವ ನನ್ನನ್ನು ಮಾತ್ರ ಪರೀಕ್ಷಿಸಲಿಲ್ಲ. ಆಳು ಎಂದರೆ ಬೇಲಿಯ ಹಾಗೆ. ಕಣ್ಣಿಗೆ ಬೀಳುತ್ತಾನೆ, ಲೆಕ್ಕಕ್ಕೆ ಬರುವುದಿಲ್ಲ.

ನಾಯಿಗಳ ಮಲವನ್ನು ತೂಗಿ, ಪೀಪಾಯಿಗೆ ತುಂಬಿ, ತಲೆಬುರುಡೆ ಚಿತ್ರ ಅಂಟಿಸಿ ಇಡುತ್ತಿದ್ದೆವು. ಡಾಕ್ಟರು ಅದನ್ನೂ ನೋಡಿದರು. ಬಿ ಸಾಲಿನದರಲ್ಲಿ ಹಳದಿ ಜಿಡ್ಡು, ನಡುವೆ ಜೋಳದ ಚಕ್ಕೆಯಂಥದ್ದು. ಸಿಕ್ಕಿಬಿದ್ದೆ, ಅರವತ್ತು ಸೂಜಿ ಎಂದುಕೊಂಡೆ.

"ಆರ್ವಲ್!" ಡಾಕ್ಟರು ಕೂಗಿದರು. "ಇದೇನು ಗೊತ್ತಾ ನಿಂಗೆ?"

"ಗೊತ್ತು ಡಾಕ್ಟ್ರೇ" ಎಂದೆ. "ತಪ್ಪಾಯ್ತು..."

"ಏನು ಗೊತ್ತು ನಿನ್ನ ತಲೆ! ಇದುವರೆಗೆ ಪ್ರಪಂಚದಲ್ಲಿ ಯಾರೂ ನೋಡಿಲ್ಲ ಇದನ್ನ. ಕರುಳು ತಾನೇ ತಯಾರಿಸ್ತಿದೆ ಮಾರಾಯ! ಕಾಯೋ ಪೊರೆ ಇದು!"

ಆರು ತಿಂಗಳಲ್ಲಿ ಒಂದು ಪ್ರಬಂಧ ಬಂತು. ಅಲ್ಪ ವಿಕಿರಣದಿಂದ ನಾಯಿಯ ಕರುಳಿನಲ್ಲಿ ಚೀಸನ್ನು ಹೋಲುವ ರಕ್ಷಕ ವಸ್ತು ಉತ್ಪತ್ತಿ. ಮೂರು ದೇಶಗಳಿಂದ ವಿಜ್ಞಾನಿಗಳು ಬಂದು ಆ ಪೀಪಾಯಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅವರಲ್ಲೊಬ್ಬರು ಮೂಸಿ ನೋಡಿ, ಯಾಕೋ ಬಾಲ್ಯ ನೆನಪಾಗುತ್ತಿದೆ ಎಂದರು.

ಅದಾದ ಮೇಲೆ ಸರ್ಕಾರದಿಂದ ಮನೆಮನೆಗೆ ಬಣ್ಣದ ಕರಪತ್ರ. ಮೇಲೆ ನಗುತ್ತಿರುವ ಬೀಗಲ್ ಚಿತ್ರ, ಕೆಳಗೆ 'ಹೆದರಬೇಡಿ'. ನಮ್ಮ ಬಿಷಪ್ ಲಂಟ್ ಅದನ್ನು ಓದಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಬ್ರದರ್ ಆರ್ವಲ್, ನನ್ನ ಮಂಡಿನೋವಿಗೆ ಬಿ ಸಾಲಿನಲ್ಲಿ ಅರ್ಧ ಗಂಟೆ ನಿಂತ್ಕೋಬಹುದಾ?" ನಿಂತರು. ಮಂಡಿನೋವು ಹೋಯಿತು ಎಂದೂ ಹೇಳಿದರು. ಆವತ್ತು ನನ್ನ ಡಬ್ಬಿಯಲ್ಲಿ ಅವರಿಗೂ ಪಾಲು ಕೊಟ್ಟಿದ್ದೆ.

ಹೌದು ಸಾರ್, ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಊರವರೂ ಅದನ್ನೇ ಕೇಳುತ್ತಿದ್ದಾರೆ. ಹೇಳಿದ್ದರೆ ಸಂಜೆ ನಾಲ್ಕರೊಳಗೆ ಅರವತ್ತು ಪೀಪಾಯಿ ತೊಳೆಯಬೇಕಿತ್ತು. ಆಮೇಲೆ ನಲವತ್ತು. ಆಮೇಲೆ ಹದಿನೇಳು. ನಾಯಿ ಸಾಯುತ್ತಾ ಬಂದ ಹಾಗೆ, ಇನ್ನು ಇಷ್ಟೇ ತಾನೇ, ಇವು ತಮ್ಮ ಪಾಡಿಗೆ ಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ನಾಯಿಗಳು ಬೇಗ ಹೋಗಲೇ ಇಲ್ಲ, ಆಲೂಗಡ್ಡೆ ಅಷ್ಟು ಗಟ್ಟಿ. ಹೋದದ್ದು ಊರಿನವರು. ಇದರಲ್ಲಿ ನನ್ನನ್ನು ನಾನು ಬಿಡಿಸಿಕೊಳ್ಳುವುದಿಲ್ಲ. ಅದನ್ನು ಟೈಪು ಮಾಡಿಕೊಳ್ಳಿ ತಾಯಿ.

ಬಿ ಸಾಲಿನ ಕೊನೆಯ ನಾಯಿ, ಮೂವತ್ತೊಂದನೇ ನಂಬರಿನ ಹೆಣ್ಣು, ಕಳೆದ ಮಂಗಳವಾರ ಪೀಪಾಯಿಯ ಬಾಯಲ್ಲಿ ಬಿಸಿಲು ಕಾಯುತ್ತಾ ಸತ್ತಳು. ಹದಿನೇಳು ವರ್ಷ. ಕಣ್ಣಿರಲಿಲ್ಲ, ಹಲ್ಲಿರಲಿಲ್ಲ, ನನ್ನ ಹೆಜ್ಜೆ ಕೇಳಿದರೆ ಬಾಲ ಜಲ್ಲಿಗೆ ಬಡಿಯುತ್ತಿತ್ತು. ಅವಳನ್ನು ಡಾಕ್ಟರ ಮೇಜಿಗೆ ಒಯ್ದು ಮಲಗಿಸಿ, ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಹದಿನಾರು ವರ್ಷದ ಆಲೂಗಡ್ಡೆ, ಮೊದಲ ಚಮಚದಿಂದ ಕೊನೆಯ ಚಮಚದವರೆಗೆ.

ಡಾಕ್ಟರು ಕನ್ನಡಕ ತೆಗೆದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಬೆನ್ನು ತಟ್ಟಿದರು.

"ಆರ್ವಲ್, ಹೇಸರಗತ್ತೆ ಕಥೆಗಿಂತ ಇದು ಚೆನ್ನಾಗಿದೆ ಕಣಯ್ಯಾ. ಈ ವರ್ಷನೂ ರಿಬ್ಬನ್ ನಿಂದೇ ಬಿಡು."

ಮನೆಗೆ ಬಂದು ರೀವಾಗೆ ಹೇಳಿದೆ. ನಿಜ ಹೇಳುತ್ತೇನೆ ಸಾರ್, ಸರ್ಕಾರಕ್ಕಿಂತ ನನಗೆ ಆ ಕಡೆಯ ಭಯವೇ ಜಾಸ್ತಿ ಇತ್ತು. ದನಿ ಹೋದಂದಿನಿಂದ ಅವಳು ಮಾತಾಡುವುದು ಸ್ಲೇಟಿನಲ್ಲಿ. ಬರೆದಳು: 'ನನ್ನ ಆಲೂಗಡ್ಡೆ. ನಾಯಿಗೆ?' ನಾನು ಹೂಂ ಎಂದೆ. 'ಹದಿನಾರು ವರ್ಷ?' ಹೂಂ. 'ಚೆನ್ನಾಗಿತ್ತು ಅಂತ ದಿನಾ ಹೇಳ್ತಿದ್ದೆ?' ಚೆನ್ನಾಗಿದೆ ಎಂದು ಅವುಗಳ ಮುಖದಲ್ಲೇ ಗೊತ್ತಾಗ್ತಿತ್ತು ಕಣೇ ಎಂದೆ. ಬಳಪ ಮುರಿಯಿತು. ಇನ್ನೊಂದು ತೆಗೆದಳು, ಅದೂ ಮುರಿಯಿತು. ನಾನು ಮೂರನೆಯದನ್ನು ಹುಡುಕಿ ಕೊಟ್ಟೆ. ಜಗಳದಲ್ಲಿ ಎದುರಾಳಿಗೆ ಆಯುಧ ಹುಡುಕಿಕೊಡುವ ಗಂಡ ಈ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ಅವಳು ಸ್ಲೇಟು ಒರೆಸಿ, ಸಣ್ಣ ಅಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದಳು.

'ಜನ ಸತ್ತಿದ್ದಕ್ಕೆ ಆಲೂಗಡ್ಡೆ. ಆಲೂಗಡ್ಡೆ ತಿಂದಿದ್ದಕ್ಕೆ ನಾಯಿ ಬದುಕಿದ್ದು. ನಾಯಿ ಬದುಕಿದ್ದಕ್ಕೆ ಧೂಳು ಒಳ್ಳೇದು. ಧೂಳು ಒಳ್ಳೇದಾದ್ರೆ ಜನ ಯಾಕೆ ಸತ್ರು?'

ನಾನು ಅದನ್ನು ಎರಡು ಸಲ ಓದಿದೆ. ಡಾಕ್ಟರ ನಕ್ಷೆಗಿಂತ ಅದು ಚಿಕ್ಕದಿತ್ತು, ಪೂರ್ತಿ ಅರ್ಥವಾಯಿತು.

ಇನ್ನೊಂದೇ ಮಾತು. ಇದನ್ನು ನಾನು ಪಂದ್ಯದಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ. ಎಂಟೊಂಬತ್ತು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ, ನೆಲದಡಿ ಸಿಡಿಸಿದ್ದ ಬಾಂಬು ಮೇಲಕ್ಕೆ ಸೋರಿತು. ನಾಯಿಮನೆಗೆ ಫೋನು ಬಂತು. ಧೂಳು ಬರುತ್ತಿದೆ, ಎ ಸಾಲಿನವಕ್ಕೆ ತಗುಲಿದರೆ ಲೆಕ್ಕ ಕೆಡುತ್ತದೆ, ಎಲ್ಲ ನಾಯಿಗಳನ್ನೂ ಒಳಗೆ ಒಯ್ಯಿರಿ. ಸೈರನ್ ಹಾಕಿದರು. ನಾವು ಆರು ಜನ, ಕಂಕುಳಿಗೊಂದೊಂದು ನಾಯಿ ಸಿಕ್ಕಿಸಿಕೊಂಡು ಓಡಿದೆವು. ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಒಳಗೆ, ಕಿಟಕಿ ಬಂದ್, ಸಂದಿಗೆ ಒದ್ದೆ ಬಟ್ಟೆ. ರಸ್ತೆಯ ಆಚೆ ಈ ಶಾಲೆಯ ಮೈದಾನ. ಆಟದ ಬಿಡುವು. ಮಕ್ಕಳೆಲ್ಲ ಬೇಲಿಗೆ ಬಂದು ನಮ್ಮ ಓಟ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಅವರ ನಡುವೆ ಅಡುಗೆಯ ಏಪ್ರನ್ನಿನಲ್ಲಿ ರೀವಾ ನಿಂತಿದ್ದಳು. ನನ್ನನ್ನು ನೋಡಿ ಕೈ ಬೀಸಿದಳು. ನನ್ನ ಎರಡೂ ಕೈ ಖಾಲಿ ಇರಲಿಲ್ಲ. ತಲೆ ಆಡಿಸಿದೆ.

ಶಾಲೆಗೆ ಯಾರೂ ಫೋನು ಮಾಡಿರಲಿಲ್ಲ ಸಾರ್. ಮಕ್ಕಳು ಯಾವ ಲೆಕ್ಕದಲ್ಲೂ ಇರಲಿಲ್ಲವಲ್ಲ, ಕೆಡುವುದಕ್ಕೆ.

ಆವತ್ತು ಬೇಲಿ ಹಿಡಿದು ನಿಂತಿದ್ದವರಲ್ಲಿ ಹನ್ನೊಂದು ಹೆಸರು ಈ ನೋಟುಬುಕ್ಕಿನಲ್ಲಿವೆ. ಹನ್ನೆರಡನೆಯದು, ತನ್ನದು, ಬರೆಯುವುದಕ್ಕೆ ಅವಳೇ ಒಂದು ಗೆರೆ ಖಾಲಿ ಬಿಟ್ಟಿದ್ದಾಳೆ, ವಯಸ್ಸಿನ ಜಾಗದಲ್ಲಿ ಐವತ್ತು ಎಂದು ಬರೆದು ಹೊಡೆದುಹಾಕಿ ಐವತ್ತೊಂದು ಮಾಡಿದ್ದಾಳೆ. ಹಟಮಾರಿ ಹೆಂಗಸು, ಪ್ರತಿ ವರ್ಷ ತಿದ್ದಿಸುತ್ತೇನೆ ಎಂದಿದ್ದೇನೆ. ಅವಳು ಕೇಳುವುದು ಪರಿಹಾರ ಅಲ್ಲ. ಧೂಳು ಒಳ್ಳೆಯದು ಎಂದು ನಿಮ್ಮ ವರದಿಯಲ್ಲಿ ಬರೆಯುವ ಮೊದಲು, ಆ ನಾಯಿಗಳು ಬದುಕಿದ್ದು ಧೂಳಿನಿಂದಲ್ಲ, ರೀವಾ ಟೋಬ್ಲರಳ ಆಲೂಗಡ್ಡೆಯಿಂದ ಎಂದು ಒಂದು ಸಾಲು. ಆ ಆಲೂಗಡ್ಡೆ ಯಾಕೆ ಬೇಯಿತು ಎಂದು ಇನ್ನೊಂದು ಸಾಲು. ಇಗೋ, ಮೇಜಿನ ಮೇಲೆ ಹಿಡಿದಿದ್ದೇನೆ. ಕೈ ಚಾಚಿದರೆ ಆಯಿತು.

ಏನಂದಿರಿ? ಇದು ಒಬ್ಬ ಅಡುಗೆಯವಳ ಪಟ್ಟಿ, ಸಾಕ್ಷ್ಯ ಅಲ್ಲ? ಇದರಲ್ಲಿರುವುದು ನಿಜ ಎಂದು ಹೇಳುವ ಹೊರಗಿನವರು ಯಾರಿದ್ದಾರೆ?

ಇದ್ದಾರೆ ಸಾರ್. ರೀವಾ ಉಂಡವರ ಹೆಸರನ್ನೂ ಬರೆಯುತ್ತಾಳೆ ಎಂದೆನಲ್ಲ. ಕೊನೆಯ ಪುಟ ಓದುತ್ತೇನೆ. ನಿನ್ನೆ ಸಂಜೆ ನಾಲ್ಕು ಗಂಟೆಗೆ ಮಣ್ಣು. ಮಿಸ್ ಥೋರಾ ಲಂಟ್, ಬಿಷಪ್ಪರ ಮಗಳು, ಇದೇ ಶಾಲೆಯ ಎರಡನೇ ಕ್ಲಾಸಿನ ಟೀಚರು. ವಯಸ್ಸು ಇಪ್ಪತ್ತು. ರಕ್ತದ ಕ್ಯಾನ್ಸರು. ಆವತ್ತು ಬೇಲಿಯ ಹತ್ತಿರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು. ಐದು ತಟ್ಟೆ ಆಲೂಗಡ್ಡೆ. ಮೂರು ತಟ್ಟೆ ಖರ್ಚಾಯಿತು, ಎರಡು ಉಳಿಯಿತು. ಚೆಲ್ಲುವ ಹಾಗಿಲ್ಲ, ಬಿ ಸಾಲು ಖಾಲಿ. ಊರಿಗೆ ಅತಿಥಿಗಳು ಬಂದಿದ್ದಾರೆ, ಮಧ್ಯಾಹ್ನ ಅವರಿಗೇ ಬಡಿಸೋಣ ಎಂದು ಬಿಷಪ್ಪರೇ ಹೇಳಿದರಂತೆ. ಕೆಳಗೆ ಇವತ್ತಿನ ತಾರೀಖು, ಉಂಡವರು ಏಳು ಜನ. ಮೊದಲ ಹೆಸರು ನಿಮ್ಮದೇ ಸಾರ್, ಮುಂದೆ ಬ್ರಾಕೆಟ್ಟಿನಲ್ಲಿ 'ಎರಡು ಸಲ ಹಾಕಿಸಿಕೊಂಡರು, ತಟ್ಟೆಯ ಅಂಚೂ ಕೆರೆದರು' ಎಂದಿದೆ. ಅಂದರೆ ಸಾಕ್ಷಿ ನೀವೇ ಆದ ಹಾಗಾಯಿತು, ಒಂದು ರುಜು ಹಾಕಿದರೆ... ಅಯ್ಯೋ, ಕೂತ್ಕೊಳ್ಳಿ ಸಾರ್, ಇನ್ನೂ ಹಿಂದಿನ ಪುಟಗಳು... ಸಾರ್, ಟೋಪಿ ಬಿಟ್ಟಿರಿ, ಆ ಬಾಗಿಲು ರಸ್ತೆಗೆ ಹೋಗಲ್ಲ, ಅದು ಆ ಮಕ್ಕಳ ಮೈದಾನದ ಬಾಗಿಲು...